ಎದುರು ಮನೆಯ ತಾತ ನಮ್ಮ ಮನೆಯಲ್ಲಿ ಇರಲಿಲ್ಲ

(ಬ್ಯಾಂಕಿನ ಗೃಹಸಾಲ ವಿಭಾಗದ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ)

ಮಾನ್ಯರೇ,

ನಮಗೆ ಗೃಹಸಾಲ ಮಂಜೂರಾಗಿದೆ! ಸೋಮವಾರ ಮಧ್ಯಾಹ್ನ ನಾನು ಕಟ್ಟುಹಲ್ಲಿನ ಲ್ಯಾಬಿನಲ್ಲಿ ಯಾರದೋ ಮೇಲಿನ ದವಡೆಯ ಅಚ್ಚಿಗೆ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದಾಗ ನಿಮ್ಮ ಪತ್ರ ಫೋನಿಗೆ ಬಂತು. ಮದುವೆಯಾಗಿ ನಾಲ್ಕೇ ತಿಂಗಳಾದ ಹೆಣ್ಣು ಇಂಥ ಸುದ್ದಿಗೆ ಏನೇನು ಮಾಡಬೇಕೋ ಅದಕ್ಕೆಲ್ಲ ನಾನು ಎಂದಿನಿಂದಲೋ ಸಿದ್ಧಳಾಗಿದ್ದೆ. ಕುಣಿಯುವುದು, ಕಿರುಚುವುದು, ಗಂಡನಿಗೆ ಫೋನ್ ಮಾಡಿ ಮಾತೇ ಹೊರಡದೆ ಅಳುವುದು, ಎಲ್ಲಕ್ಕೂ. ಪತ್ರ ಓದುತ್ತಾ ಹೋದೆ. ನಾಲ್ಕನೇ ಪುಟದ ಹನ್ನೊಂದನೇ ಷರತ್ತಿಗೆ ಬಂದೆ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಆ ದವಡೆಯ ಉಳಿದ ಆರು ಹಲ್ಲುಗಳನ್ನೂ ಕೂರಿಸಿ ಮುಗಿಸಿದೆ. ಹಲ್ಲು ಕೀಳುವ ಮುಂಚೆ ಸೂಜಿ ಕೊಡುತ್ತಾರಲ್ಲ, ಆಮೇಲೆ ತುಟಿ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ಸೋಮವಾರದಿಂದ ನಾನು ನನ್ನ ಸಂತೋಷವನ್ನು ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಇರಬೇಕು. ಗೊತ್ತಾಗುತ್ತಿಲ್ಲ, ಅಷ್ಟೇ.

ಆ ಷರತ್ತನ್ನು ಊರಿನವರೂ ಓದಲಿ: "ಸದರಿ ಸ್ವತ್ತಿನಲ್ಲಿ ವಾಸವಾಗಿದ್ದ ವೃದ್ಧರು ನಿಧನರಾಗಿರುವುದರಿಂದ, ಮರಣ ಪ್ರಮಾಣಪತ್ರದ ಆಧಾರದ ಮೇಲೆ, ಸ್ವತ್ತು ಖಾಲಿಯಾಗಿದೆ ಎಂದು ಪರಿಗಣಿಸಿ ಸಾಲ ಮಂಜೂರು ಮಾಡಲಾಗಿದೆ. ಹಣ ಬಿಡುಗಡೆಗೆ ಮುನ್ನ ಮೃತರ ವಾರಸುದಾರರು ಸದರಿ ಸ್ವತ್ತಿನ ಮೇಲೆ ತಮಗೆ ಹಕ್ಕಿಲ್ಲವೆಂದು ಸಹಿ ಮಾಡಿಕೊಡತಕ್ಕದ್ದು."

ಮಾನ್ಯರೇ, ಆ ವೃದ್ಧರು ಸದರಿ ಸ್ವತ್ತಿನಲ್ಲಿ ಒಂದು ದಿನವೂ ವಾಸವಾಗಿರಲಿಲ್ಲ. ಅವರು ಎದುರು ಮನೆಯವರು. ಇದನ್ನು ನಿಮ್ಮ ಕಚೇರಿಗೆ ನಾವು ಬಾಯಲ್ಲಿ ಹೇಳಿದ್ದೇವೆ, ಬರೆದು ಕೊಟ್ಟಿದ್ದೇವೆ, ಕೊನೆಗೆ ಆ ವೃದ್ಧರನ್ನೇ ಕರೆತಂದು ನಿಮ್ಮ ಕೌಂಟರಿನ ಮುಂದೆ ನಿಲ್ಲಿಸಿದ್ದೇವೆ. ಅವರು ಬದುಕಿದ್ದಾಗ ಹೇಳಿದ ಮಾತನ್ನು ನಂಬದ ನೀವು, ಅವರು ಸತ್ತರು ಎಂಬುದನ್ನು ಮಾತ್ರ ಎರಡೇ ದಿನದಲ್ಲಿ ನಂಬಿದಿರಿ. ಇದಕ್ಕೆ ನಾನು ಕೃತಜ್ಞತೆ ಹೇಳಬೇಕೋ, ಸಂತಾಪ ಹೇಳಬೇಕೋ ದಯವಿಟ್ಟು ತಿಳಿಸಿ. ಅದಕ್ಕೊಂದು ನಮೂನೆ ಇದ್ದರೆ ಅದನ್ನೂ ಕಳಿಸಿ.

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದದ ಪತ್ರ ಬರೆಯುತ್ತಿರುವುದು ಇದೇ ಮೊದಲು. ನಿಮಗೆ ನಾಲ್ಕು ಸಲ ಇಂಗ್ಲಿಷಿನಲ್ಲಿ ಬರೆದೆ. ನಾಲ್ಕು ಸಲವೂ ಒಂದೇ ನಿಮಿಷದಲ್ಲಿ ಉತ್ತರ ಬಂತು, ನನ್ನ ಪತ್ರ ತಲುಪಿರುವುದು ನಿಮಗೆ ಬಹಳ ಸಂತೋಷ ತಂದಿದೆ ಎಂದು. ಐದನೇ ಸಲವೂ ನಿಮ್ಮನ್ನು ಸಂತೋಷಪಡಿಸುವ ಶಕ್ತಿ ನನಗಿಲ್ಲ. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಗೆ, ಊರೆಲ್ಲ ಓದುವ ಭಾಷೆಯಲ್ಲಿ ಬರೆಯುತ್ತಿದ್ದೇನೆ. "ಸದರಿ" ಎಂಬ ಪದ ಕಲಿತದ್ದು ನಿಮ್ಮಿಂದಲೇ. ತಪ್ಪಾಗಿ ಬಳಸಿದ್ದರೆ ಕ್ಷಮಿಸಿ.

ನಮ್ಮ ವಿವರ ನಿಮ್ಮ ಕಡತದಲ್ಲಿದೆ. ಆದರೂ ಹೇಳುತ್ತೇನೆ. ಕೆಲವು ವಾರಗಳ ಹಿಂದಿನವರೆಗೂ ಇದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದೆ. ನನ್ನ ಗಂಡ ನಿಮ್ಮ ಊರಿನಲ್ಲಿ ಲಿಫ್ಟ್ ಮೆಕ್ಯಾನಿಕ್. ಇನ್ನಿಬ್ಬರು ಮೆಕ್ಯಾನಿಕ್‌ಗಳ ಜೊತೆ ಒಂದೇ ಕೋಣೆಯಲ್ಲಿದ್ದಾನೆ. ನಾನು ಐದು ಗಂಟೆ ದೂರದ ಊರಿನಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಹೆಂಗಸರ ಹಾಸ್ಟೆಲ್ಲಿನಲ್ಲಿ ಇದ್ದೇನೆ. ಮನೆ ಸಿಕ್ಕ ದಿನ ಕೆಲಸ ಬಿಟ್ಟು ಬರುವುದು, ನಿಮ್ಮ ಊರಿನ ಲ್ಯಾಬಿನಲ್ಲಿ ಸೇರುವುದು ಎಂದು ಮಾತಾಗಿದೆ. ಬಾಡಿಗೆ ಮನೆಗೆಂದು ಕೂಡಿಟ್ಟದ್ದನ್ನೂ ಈ ಮನೆಯ ಮುಂಗಡಕ್ಕೇ ಕೊಟ್ಟುಬಿಟ್ಟೆವು. ಹಾಗಾಗಿ ಈ ನಾಲ್ಕು ತಿಂಗಳಲ್ಲಿ ನಾವು ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಮದುವೆಯ ನಂತರದ ಒಂದು ವಾರ, ಆಮೇಲೆ ಹದಿನಾಲ್ಕು ಭಾನುವಾರ.

ಮನೆ ಸಿಕ್ಕಿದ್ದು ಲಿಫ್ಟು ಕೆಟ್ಟಿದ್ದರಿಂದ! ನನ್ನ ಗಂಡ ರಿಪೇರಿಗೆ ಹೋದಾಗ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಒಬ್ಬ ನರ್ಸಮ್ಮ ನಲವತ್ತು ನಿಮಿಷದಿಂದ ಸಿಕ್ಕಿಕೊಂಡಿದ್ದರು. ಅವರು ಗಾಬರಿಯಾಗದಿರಲಿ ಎಂದು ಇವನು ಬಾಗಿಲಿನ ಸಂದಿಯಿಂದ ಮಾತಾಡಿಸುತ್ತಾ ಇದ್ದನಂತೆ. "ಹೊಸದಾಗಿ ಮದುವೆ ಆಗಿದೆಯಮ್ಮಾ, ಮನೆ ಹುಡುಕ್ತಿದೀನಿ" ಎಂದನಂತೆ. ಒಳಗಿನಿಂದ ದನಿ ಬಂತಂತೆ: "ಮೊದ್ಲು ನನ್ನನ್ನ ಹೊರಗೆ ತೆಗಿ. ಮನೆ ನಾನೇ ಕೊಡ್ತೀನಿ." ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ತಂಗಿಯ ಊರಿಗೆ ಹೋಗಿ ನೆಲೆಸುವ ಯೋಚನೆ ಅವರದು. ನಮಗಾಗಿ ಮೂರು ತಿಂಗಳಿಂದ ಕಾದಿದ್ದಾರೆ. "ಈ ತಿಂಗಳ ಕೊನೇ ಶುಕ್ರವಾರದವರೆಗೂ ಕಾಯ್ತೀನಿ ಮಗಳೇ. ಅದಾದ್ಮೇಲೆ ನನ್ ಕೈಲಾಗಲ್ಲ. ಇನ್ನೊಬ್ರು ಬಾಗಿಲಲ್ಲೇ ನಿಂತಿದಾರೆ" ಎಂದಿದ್ದಾರೆ. ಆ ಶುಕ್ರವಾರ ಇದೇ ಶುಕ್ರವಾರ.

ಈಗ ನಿಮ್ಮವರು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ಮನೆಯ ಬೆಲೆ ಕಟ್ಟಲು ನೀವು ಅಳತೆಯವರೊಬ್ಬರನ್ನು ಕಳಿಸಿದಿರಿ. ಮೊದಲೇ ತಿಳಿಸಿದರೆ ನಾವು ಮನೆಯನ್ನು ದೊಡ್ಡದು ಮಾಡಿಬಿಡುತ್ತೇವೇನೋ ಎಂಬ ಭಯದಿಂದ, ಯಾರಿಗೂ ತಿಳಿಸದೆ ಕಳಿಸಿದಿರಿ. ಅಂದು ನರ್ಸಮ್ಮನಿಗೆ ಹಗಲು ಡ್ಯೂಟಿ. ಬೀಗದ ಕೈ ಎಂದಿನಂತೆ ಎದುರು ಮನೆಯಲ್ಲಿತ್ತು. ಎದುರು ಮನೆ ಎಂದರೆ ಮೂರನೇ ಮಹಡಿಯಲ್ಲಿ ಬಾಗಿಲಿಗೆ ಬಾಗಿಲು. ಅಲ್ಲಿ ಒಬ್ಬ ಅಕ್ಕ, ಅವರ ಮಾವ. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಇಡೀ ಕಟ್ಟಡಕ್ಕೆ ಅವರು ಗಾರ್ಡ್ ತಾತ. ಅಕ್ಕ ಬೀಗದ ಕೈಗಾಗಿ ಡಬ್ಬಿ, ಡ್ರಾಯರು, ದಿಂಬಿನ ಕೆಳಗೆಲ್ಲ ಹುಡುಕಿದರಂತೆ. ಅಳತೆಯವರು ಗಡಿಯಾರ ನೋಡಿಕೊಂಡರಂತೆ. ಅವರಿಗೆ ಸಂಬಳವಲ್ಲ, ಮನೆಗಿಷ್ಟು ಎಂದು ಲೆಕ್ಕ. ಅಂದು ಇನ್ನೂ ಏಳು ಮನೆ ಬಾಕಿ.

"ಅಕ್ಕಾ, ಎರಡೂ ಮನೆ ಒಂದೇ ಅಳತೆ ತಾನೇ?"

"ಹೂಂ, ಎಡಗೈ ಬಲಗೈ ಇದ್ದಂಗೆ."

"ಹಂಗಾದ್ರೆ ನಿಮ್ಮನೇನೇ ಅಳೆದುಬಿಡ್ತೀನಿ. ಏನ್ ವ್ಯತ್ಯಾಸ ಆಗುತ್ತೆ?"

ಅಳೆದರು. ಫೋಟೋಗಳನ್ನೂ ತೆಗೆದರು. ಪಡಸಾಲೆಯ ಕಿಟಕಿಯ ಬಳಿ ತಮ್ಮ ಕುರ್ಚಿಯಲ್ಲಿ ಕೂತಿದ್ದ ತಾತನನ್ನು ಸ್ವಲ್ಪ ಏಳಿ ಎಂದು ಕೇಳುವ ಸೌಜನ್ಯವನ್ನೂ ಅವರು ತೋರಿಸಲಿಲ್ಲ. ತಾತನಿಗೋ, ಯಾರೋ ಫೋಟೋ ತೆಗೆಯಲು ಬಂದಿದ್ದಾರೆ ಎಂಬುದೇ ಸಂಭ್ರಮ. ಶರಟಿನ ಮೇಲಿನ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು, ರೇಡಿಯೋದ ಮೇಲೆ ಕೈಯಿಟ್ಟು ನೆಟ್ಟಗೆ ಕೂತರಂತೆ. ನಿಮ್ಮ ಕಡತದಲ್ಲಿರುವ ಆ ಚಿತ್ರವನ್ನು ತೆಗೆದು ನೋಡಿ. ಬಾಯಿ ಬಿಗಿಯಾಗಿ ಮುಚ್ಚಿದೆಯಲ್ಲ, ಅದು ಸಿಟ್ಟಲ್ಲ. ಅಂದು ಅವರು ಕಟ್ಟುಹಲ್ಲು ಹಾಕಿಕೊಂಡಿರಲಿಲ್ಲ.

ಎರಡು ವಾರದ ಮೇಲೆ ನಿಮ್ಮ ಆಕ್ಷೇಪಣೆ ಬಂತು. ಸ್ವತ್ತಿನಲ್ಲಿ ವೃದ್ಧರೊಬ್ಬರು ವಾಸವಾಗಿರುವುದು ಛಾಯಾಚಿತ್ರದಿಂದ ಕಂಡುಬಂದಿದೆ, ಸದರಿಯವರು ಬಾಡಿಗೆದಾರರೋ ವಾರಸುದಾರರೋ ಸ್ಪಷ್ಟಪಡಿಸಿ ಎಂದು. ನಾವು ಬಿದ್ದು ಬಿದ್ದು ನಕ್ಕೆವು. ಆ ಭಾನುವಾರ ತಾತನಿಗೆ ಓದಿ ಹೇಳಿದಾಗ ಅವರೂ ನಕ್ಕರು. "ನೋಡಿದ್ರಾ, ನಾನು ಎದ್ದು ಹೋಗೋವರೆಗೂ ನಿಮಗೆ ಮನೆ ಇಲ್ಲ. ಇನ್ಮೇಲೆ ಬರುವಾಗ ಏನಾದ್ರೂ ತಗೊಂಡ್ ಬರ್ಬೇಕು" ಎಂದರು. ಇನ್ನೊಮ್ಮೆ ಅಳತೆಯವರನ್ನು ಕಳಿಸಿ ಎಂದರೆ ಮುಗಿಯಿತು ಎಂದುಕೊಂಡಿದ್ದೆವು. ಎಂಥ ಮುಗ್ಧರು! ನಿಮ್ಮ ಕೌಂಟರಿನ ಕನ್ನಡಕದವರು ವಿವರಿಸಿದರು: ಒಂದು ಸ್ವತ್ತಿಗೆ ಆರು ತಿಂಗಳಲ್ಲಿ ಒಂದೇ ಅಳತೆ. ಕಂಪ್ಯೂಟರ್ ಎರಡನೆಯದನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆ ವೃದ್ಧರಿಂದಲೇ ಹೇಳಿಕೆ ತನ್ನಿ.

ತಾತ ಬರೆದುಕೊಟ್ಟರು. ರೂಲುಪಟ್ಟಿ ಇಟ್ಟು ಗೆರೆ ಎಳೆದು, ತಾರೀಕು, ಗಂಟೆ, ನಿಮಿಷ ಹಾಕಿ ಬರೆದರು: "ನಾನು ಎದುರು ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಈ ಮಕ್ಕಳು ಕೊಳ್ಳುತ್ತಿರುವ ಮನೆಯಲ್ಲಿ ನಾನಿಲ್ಲ. ಮುಂದೆ ಅವರು ಟೀಗೆ ಕರೆದರೆ ಹೋಗಿ ಬರುವೆನು." ಅದು ಹತ್ತು ದಿನದಲ್ಲಿ ವಾಪಸು ಬಂತು. ಕಾರಣ: ಸದರಿ ಸ್ವತ್ತಿನಲ್ಲಿ ವಾಸವಿಲ್ಲದ ವ್ಯಕ್ತಿಯು ಸದರಿ ಸ್ವತ್ತಿನ ವಾಸದ ಕುರಿತು ಹೇಳಿಕೆ ನೀಡಲು ಅರ್ಹನಲ್ಲ. ಮಾನ್ಯರೇ, ಈ ವಾಕ್ಯವನ್ನು ಬರೆದವರು ಯಾರು? ಅವರನ್ನು ಒಮ್ಮೆ ನೋಡಬೇಕಿದೆ. ನಾನು ಇಲ್ಲಿ ಇಲ್ಲ ಎಂದು ಹೇಳಬೇಕಾದರೆ ಇಲ್ಲೇ ಇರಬೇಕು! ಇದನ್ನು ಒಪ್ಪಿದ ಮೇಲೆ ನಿಮ್ಮ ಕಚೇರಿಯಲ್ಲಿ ಯಾವ ಕೆಲಸ ತಾನೇ ಮುಗಿದೀತು?

ಆಮೇಲೆ ತಾತ ತಾವೇ ಹೊರಟರು. ನಾನು ರಜೆ ಹಾಕಿ ಬಂದಿದ್ದೆ. ಮೂರು ಮಹಡಿ ಇಳಿದು, ಎರಡು ಬಸ್ಸು ಬದಲಿಸಿ, ಇಸ್ತ್ರಿಯ ಶರಟು, ಹಳೆಯ ಕಟ್ಟುಹಲ್ಲು ಎಲ್ಲ ಹಾಕಿಕೊಂಡು ನಿಮ್ಮ ಕೌಂಟರಿಗೆ ಬಂದು, ಗಾಜಿನ ಮೇಲೆ ಮೆಲ್ಲಗೆ ತಟ್ಟಿದರು.

"ನೋಡಪ್ಪಾ. ಇಲ್ಲಿದೀನಿ. ಅಲ್ಲಿಲ್ಲ."

ಕನ್ನಡಕದವರು ಪಾಪ, ಕೆಟ್ಟವರಲ್ಲ. "ನೀವ್ ಇಲ್ಲಿರೋದು ಕಾಣುತ್ತೆ ತಾತ. ಫೋಟೋದಲ್ಲೂ ಇದೀರಲ್ಲ, ಅದೇ ಕಷ್ಟ. ಒಂದ್ ಕೆಲ್ಸ ಮಾಡಿ. ಆ ಮನೇಲಿ ಇದ್ದೆ, ಈಗ ಖಾಲಿ ಮಾಡಿದೀನಿ ಅಂತ ಒಂದು ಸಾಲು ಬರ್ಕೊಡಿ. ನಾಳೆನೇ ಮುಂದಕ್ಕೆ ಹೋಗುತ್ತೆ."

"ಇಲ್ಲದ ಮನೇನ ಖಾಲಿ ಮಾಡ್ದೆ ಅಂತ ಬರೀಲಾ?"

"ಬರೀ ಕಾಗದಕ್ಕೆ ತಾತ."

"ಮೂವತ್ತೊಂದು ವರ್ಷ ಗಾಡಿ ಎಷ್ಟೊತ್ತಿಗೆ ಬಿಡ್ತು, ಎಷ್ಟೊತ್ತಿಗೆ ಸೇರ್ತು ಅಂತ ಪುಸ್ತಕದಲ್ಲಿ ಬರ್ದೋನಪ್ಪಾ ನಾನು. ಒಂದ್ ನಿಮಿಷ ತಡ ಆದ್ರೂ ಬರ್ದಿದೀನಿ. ನನ್ನಿಂದ ತಡ ಆಗಿದ್ರೆ ನನ್ನಿಂದ ಅಂತಲೇ ಬರ್ದಿದೀನಿ. ಅದೂ ಬರೀ ಕಾಗದಾನೇ."

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಅಂದು ಹೊರಗೆ ಬಸ್ ನಿಲ್ದಾಣದಲ್ಲಿ, "ತಾತ, ಒಂದು ಸಾಲು ಅಲ್ವಾ, ಬರೆದುಬಿಡಿ ಪ್ಲೀಸ್" ಎಂದು ಅವರ ಕೈ ಹಿಡಿದು ಕೇಳಿದವಳು ನಾನೇ. ನಿಮ್ಮ ಕಂಪ್ಯೂಟರ್ ಕೇಳಲಿಲ್ಲ, ನಿಮ್ಮ ಕನ್ನಡಕದವರು ಎರಡನೇ ಸಲ ಕೇಳಲಿಲ್ಲ. ನಾನು ಕೇಳಿದೆ. ತಾತ ಸ್ವಲ್ಪ ಹೊತ್ತು ಬರುವ ಬಸ್ಸುಗಳನ್ನು ನೋಡುತ್ತಿದ್ದರು. "ಆಗ್ಲಿ ಪುಟ್ಟಾ, ಭಾನುವಾರ ಬಾ. ಯೋಚ್ನೆ ಮಾಡಿರ್ತೀನಿ" ಎಂದರು.

ಅವರಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಅರ್ಜಿಯಲ್ಲಿ ಅದಕ್ಕೂ ಒಂದು ಕಾಲಮ್ಮಿದೆ, ಅಲ್ಲಿ ಬರೆಯಲು ನನಗೆ ಏನೂ ಹೊಳೆಯಲಿಲ್ಲ. ಭಾನುವಾರ ನಮಗೆ ಹೋಗಲು ಬೇರೆ ಜಾಗವಿರಲಿಲ್ಲ. ನರ್ಸಮ್ಮ ಡ್ಯೂಟಿಯಲ್ಲಿದ್ದರೆ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ಕಪಾಟು ಎಲ್ಲಿ, ಮಂಚ ಎಲ್ಲಿ ಎಂದು ಜಗಳವಾಡುತ್ತಿದ್ದೆವು. ಎರಡನೇ ಭಾನುವಾರ ಎದುರು ಬಾಗಿಲು ತೆರೆಯಿತು. "ಜಗಳ ಆಡೋಕೆ ಕುರ್ಚಿ ಬೇಡ್ವಾ? ಒಳಗೆ ಬನ್ನಿ" ಎಂದರು ತಾತ. ಅಂದಿನಿಂದ ನಮ್ಮ ಸಂಸಾರ ನಡೆದದ್ದು ಅವರ ಪಡಸಾಲೆಯಲ್ಲಿ. ಅವರು ರೇಡಿಯೋ ದೊಡ್ಡದಾಗಿ ಹಾಕಿಕೊಂಡು, ನಮಗೆ ಬೆನ್ನು ಹಾಕಿ ಕಿಟಕಿಯ ಕಡೆ ಕೂರುತ್ತಿದ್ದರು. ನನಗೆ ಕಿವಿ ಮಂದ ಎನ್ನುತ್ತಿದ್ದರು. ಬೀದಿಯ ಆಚೆ ಹೋಗುವ ಗಾಡಿಯ ಸೀಟಿ ಕೇಳಿ ಎಷ್ಟು ನಿಮಿಷ ತಡ ಎಂದು ಹೇಳುವವರಿಗೆ ಯಾವ ಕಿವಿ ಮಂದವೋ!

ನಾನು ಯಾವ ರೈಲಿಗೆ ಬರಬೇಕು ಎಂಬುದನ್ನೂ ಅವರೇ ತೀರ್ಮಾನಿಸಿದರು. "ಏಳು ಹತ್ತರದು ಹತ್ಬೇಡ. ಹೆಸರಿಗೆ ಎಕ್ಸ್‌ಪ್ರೆಸ್ಸು, ಊರ ಹೊರಗೆ ಸಿಗ್ನಲ್ಲಿಗೆ ನಿಂತು ನಿದ್ದೆ ಮಾಡುತ್ತೆ. ಐದು ಐವತ್ತರ ಪ್ಯಾಸೆಂಜರಿಗೆ ಬಾ. ಹಿಂದಿನಿಂದ ಎರಡನೇ ಬೋಗಿ. ಗಾರ್ಡಿನ ಪಕ್ಕದ್ದು. ಒಂಟಿ ಹೆಣ್ಣುಮಗು, ಗಾರ್ಡಿನ ಕಣ್ಣಿಗೆ ಬೀಳ್ತಿರ್ಬೇಕು. ಇಳಿದ್ರೆ ಮೆಟ್ಲು ನಿನ್ನ ಎದುರಿಗೇ ಇರುತ್ತೆ." ಪ್ರತಿಯಾಗಿ ನಾನು ಅವರಿಗೆ ಹೊಸ ಹಲ್ಲು ಮಾಡಿಕೊಡುತ್ತೇನೆ ಎಂದಿದ್ದೆ. ಹದಿನಾರು ಬಣ್ಣದ ಹಲ್ಲುಗಳ ಪಟ್ಟಿ ಹಿಡಿದರೆ ಎಲ್ಲಕ್ಕಿಂತ ಬಿಳಿಯದರ ಮೇಲೆ ಬೆರಳಿಟ್ಟರು. "ತಾತ, ಇದು ಇಪ್ಪತ್ತು ವರ್ಷದ ಹುಡುಗ್ರ ಬಣ್ಣ" ಎಂದೆ. "ಅದಕ್ಕೇ ತಾನೇ ಕೇಳ್ತಿರೋದು. ನಿಮ್ ಬ್ಯಾಂಕಿನೋರು ಇನ್ನೊಂದ್ ಸಲ ಫೋಟೋಗೆ ಬಂದ್ರೆ ನಗ್ತೀನಿ" ಎಂದರು. ಆ ಹಲ್ಲುಗಳು ಮೇಣದಲ್ಲಿ ಕೂತು, ಲ್ಯಾಬಿನ ಮೂರನೇ ಕಪಾಟಿನಲ್ಲಿವೆ. ಅಚ್ಚು ಅವರದು. ಬೇರೆ ಯಾರ ಬಾಯಿಗೂ ಕೂರುವುದಿಲ್ಲ.

ಭಾನುವಾರದ ತನಕ ತಾತ ಇರಲಿಲ್ಲ. ಗುರುವಾರ ಮಧ್ಯಾಹ್ನ ಕುರ್ಚಿಯಲ್ಲೇ, ರೇಡಿಯೋ ನಡೆಯುತ್ತಿರುವಾಗಲೇ ಹೋದರು. ತೊಡೆಯ ಮೇಲೆ ರಟ್ಟಿಗೆ ಕ್ಲಿಪ್ಪು ಹಾಕಿದ ಒಂದು ಹಾಳೆಯಿತ್ತು. ಅದರ ಮೇಲೆ ತಾರೀಕು, ಗಂಟೆ, ನಿಮಿಷ. ಕೆಳಗೆ ಏನೂ ಇಲ್ಲ. ಬರೆಯಲು ಹೊರಟಿದ್ದರೋ, ಬರೆಯುವುದಿಲ್ಲ ಎಂದು ತೀರ್ಮಾನಿಸಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅದಾಗಿ ಒಂದು ವಾರಕ್ಕೆ ನಾನು ನಿಮ್ಮ ಕೌಂಟರಿಗೆ ಬಂದೆ, ಇನ್ನು ಹೇಳಿಕೆ ತರಲು ಆಗುವುದಿಲ್ಲ ಎಂದು ತಿಳಿಸಲು. ಕನ್ನಡಕದವರು ಕನ್ನಡಕ ತೆಗೆದರು. "ಅಯ್ಯೋ, ಆ ತಾತನಾ" ಎಂದರು. ನಿಜವಾಗಿಯೂ ನೊಂದುಕೊಂಡರು. ಕನ್ನಡಕ ಹಾಕಿಕೊಂಡ ಮೇಲೆ, "ಹಂಗಾದ್ರೆ ಮೇಡಂ... ಕೇಳ್ಬಾರ್ದು. ಡೆತ್ ಸರ್ಟಿಫಿಕೇಟ್ ಒಂದು ಕಾಪಿ ಸಿಕ್ಕಿದ್ರೆ ಆಕ್ಷೇಪಣೆ ಮುಗಿದುಹೋಗುತ್ತೆ" ಎಂದರು.

ನಾನು ಏನು ಮಾಡಬೇಕಿತ್ತು? ಮೇಜು ಗುದ್ದಬೇಕಿತ್ತು. ಎರಡು ಬಸ್ಸು ಬದಲಿಸಿ ಅಕ್ಕನ ಮನೆಗೆ ಹೋಗಿ, ಬಾಯಿ ಬಿಟ್ಟು ಕೇಳಿದೆ. ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತು ಕೇಳಿದೆ. ಅಕ್ಕ ಒಳಗೆ ಹೋಗಿ ತಂದುಕೊಟ್ಟರು. "ತಗೋ. ಇದ್ದಿದ್ರೆ ಅವರೇ ಬಂದು ಕೊಡ್ತಿದ್ರು" ಎಂದರು. ನನಗೆ ಅಳು ಬರಲಿಲ್ಲ. ಜೆರಾಕ್ಸ್ ಅಂಗಡಿಯವರು ಎಷ್ಟು ಕಾಪಿ ಎಂದಾಗ, ಎರಡು ಇರಲಿ, ಬ್ಯಾಂಕಿನವರು ಕಳೆದುಬಿಡುತ್ತಾರೆ ಎಂದು ಹೇಳಿದ್ದು ನೆನಪಿದೆ. ಆ ಕಾಗದದಲ್ಲಿ ಅವರ ವಿಳಾಸ ಸ್ಪಷ್ಟವಾಗಿ ಎದುರು ಮನೆಯದೇ ಇತ್ತು. ಅದನ್ನು ನಿಮ್ಮವರು ಓದಿದರೆ ಸತ್ಯ ತಾನೇ ತಿಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮವರು ಓದಿದ್ದು ಒಂದೇ ಪದವನ್ನು.

ಹೀಗೆ ನಮಗೆ ಸಾಲ ಮಂಜೂರಾಯಿತು. ನಾನು ಕೇಳುವುದು ಇಷ್ಟೇ: ಒಂದು ಮನೆ ಖಾಲಿಯಾಯಿತು ಎಂದು ತೋರಿಸಲು ನಿಮಗೆ ಒಬ್ಬ ಮನುಷ್ಯ ಸಾಯಬೇಕಿತ್ತೇ? ತಾತನ ಮಟ್ಟಿಗೆ ಆ ಮನೆ ಮೊದಲೂ ಖಾಲಿಯಾಗಿಯೇ ಇತ್ತಲ್ಲ! ಖಾಲಿಯಾದದ್ದು ಎದುರಿನದು. ಈಗ ಆ ಅಕ್ಕನ ಮುಂದೆ ಕಾಗದ ಹಿಡಿದು, ನಿಮ್ಮ ಮಾವ ನಮ್ಮ ಮನೆಯಲ್ಲಿ ಇದ್ದು ಸತ್ತರು, ನಿಮಗೆ ಹಕ್ಕಿಲ್ಲವೆಂದು ಸಹಿ ಹಾಕಿ ಎಂದು ನಾನು ಹೇಳಬೇಕಂತೆ. ಅವರು ಹಾಕುತ್ತಾರೆ, ಅದು ನನಗೆ ಗೊತ್ತು. ಅದಕ್ಕೇ ಆ ಕಾಗದವನ್ನು ಅವರ ಬಾಗಿಲಿಗೆ ಒಯ್ಯುವುದಿಲ್ಲ. ಒಮ್ಮೆ ಕಾಗದ ಕೇಳಿಕೊಂಡು ಹೋಗಿದ್ದೇನೆ, ಸಾಕು.

ಸೋಮವಾರ ರಾತ್ರಿ ನನ್ನ ಗಂಡನಿಗೆ ಫೋನಿನಲ್ಲಿ ಷರತ್ತು ಓದಿ ಹೇಳಿದೆ.

"ಸಹಿ ಹಾಕಿಸಿಬಿಡೋಣ ಕಣೇ. ಶುಕ್ರವಾರ ದಾಟಿದ್ರೆ ಮನೆ ಹೋಯ್ತು. ತಾತ ಇದ್ದಿದ್ರೆ ನಕ್ಕುಬಿಡ್ತಿದ್ರು."

"ನಗ್ತಿರ್ಲಿಲ್ಲ."

"...ಹೂಂ. ನಗ್ತಿರ್ಲಿಲ್ಲ."

"ಹೋದ್ರೆ ಏನ್ ಮಾಡೋಣ?"

"ಮೆಟ್ಲು ಇದೆಯಲ್ಲ" ಎಂದ. ಇಂಥವನನ್ನು ಕಟ್ಟಿಕೊಂಡಿದ್ದೇನೆ ಎಂದು ಊರಿಗೆಲ್ಲ ಹೇಳಬೇಕೆನಿಸುತ್ತದೆ. ಹೇಳಿಯೂ ಆಯಿತು.

ಆದ್ದರಿಂದ ಮಾನ್ಯರೇ, ಗುರುವಾರ ನಿಮ್ಮ ಮುಂದೆ ಸಹಿಗೆ ಬರುತ್ತೇನೆ. ನಾನು ಬರುವಷ್ಟರಲ್ಲಿ ಹನ್ನೊಂದನೇ ಷರತ್ತಿನ ಮೇಲೆ ಗೆರೆ ಎಳೆದಿರಬೇಕು. ಅದರ ಜಾಗದಲ್ಲಿ, ನಮ್ಮ ಅಳತೆಯವರು ತಪ್ಪು ಮನೆಯನ್ನು ಅಳೆದರು, ಆ ವೃದ್ಧರು ಸದರಿ ಸ್ವತ್ತಿನಲ್ಲಿ ಎಂದೂ ಇರಲಿಲ್ಲ, ತಪ್ಪು ನಮ್ಮದು ಎಂದು ಬರೆದಿರಬೇಕು. ತಡವಾದದ್ದು ತನ್ನಿಂದ ಆಗಿದ್ದರೆ ತನ್ನಿಂದ ಎಂದೇ ಬರೆದುಕೊಳ್ಳುತ್ತಿದ್ದ ಗಾರ್ಡ್ ಒಬ್ಬರು ಬದುಕಿ ಹೋಗಿದ್ದಾರೆ, ಬ್ಯಾಂಕೂ ಬರೆಯಬಹುದು. ಬೇಕಾದರೆ ಅಂದೇ ಅಳತೆಯವರನ್ನು ಕಳಿಸಿ, ನರ್ಸಮ್ಮ ರಜೆ ಹಾಕಿ ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾರೆ. ನಿಮ್ಮ ಕಂಪ್ಯೂಟರ್ ಎರಡನೇ ಅಳತೆಯನ್ನು ತೆಗೆದುಕೊಳ್ಳದಿದ್ದರೆ ಪೆನ್ನಿನಲ್ಲಿ ಬರೆಯಿರಿ, ಪೆನ್ನು ನಾನು ತರುತ್ತೇನೆ. ಅಕ್ಕ ಕೊಟ್ಟ ಮರಣ ಪ್ರಮಾಣಪತ್ರವನ್ನು ನಮ್ಮ ಕಡತದಿಂದ ತೆಗೆದು ನನ್ನ ಕೈಗೆ ಕೊಡಿ. ಫೋಟೋವನ್ನೂ ಕೊಡಿ. ಅವರು ಗುಂಡಿ ಹಾಕಿಕೊಂಡು ಕೂತ ಫೋಟೋ ಅದೊಂದೇ ಇರುವುದಂತೆ. ಇಷ್ಟು ಆಗಿದ್ದರೆ ನೀವು ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕುತ್ತೇನೆ. ಆಗಿಲ್ಲದಿದ್ದರೆ ಹಾಕುವುದಿಲ್ಲ. ಶುಕ್ರವಾರ ತನ್ನ ಪಾಡಿಗೆ ಬಂದು ಹೋಗಲಿ.

ಇಂತಿ,
ನಿಮ್ಮ ಕಡತದಲ್ಲಿ ಸಹ-ಅರ್ಜಿದಾರಳು, ಮನೆಯಿಲ್ಲದ ಗೃಹಿಣಿ,
ಗುರುವಾರ, ಐದು ಐವತ್ತರ ಪ್ಯಾಸೆಂಜರ್, ಹಿಂದಿನಿಂದ ಎರಡನೇ ಬೋಗಿ.